ಪೈಪೋಟಿಯಲ್ಲಿ ನಮ್ಮ ಅಂಗಡಿ ಎಲ್ಲಿ ನಿಂತಿದೆ: ಚಿಕ್ಕಮಗಳೂರಿನ ಕಾಫಿ ಪುಡಿ ವ್ಯಾಪಾರಿಗಳಿಗೊಂದು ಕೈಪಿಡಿ

ಮುಂದಿನ ಎರಡು ಮೂರು ವರ್ಷಗಳ ಯೋಜನೆ ಹಾಕಲು ಕುಳಿತ ಸಣ್ಣ ವ್ಯಾಪಾರಿಗಳು ಮೊದಲು ಕೇಳಿಕೊಳ್ಳುವುದು “ಪೇಟೆಯಲ್ಲಿ ಉಳಿದವರ ಎದುರು ನಮ್ಮ ಅಂಗಡಿ ಹೇಗಿದೆ” ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕೆ ಉಪಯೋಗಕ್ಕೆ ಬರುವ ಉತ್ತರ ದೊರೆಯುವುದಿಲ್ಲ, ಏಕೆಂದರೆ ಯಾವ ಅಂಗಡಿಯೂ ಎಲ್ಲ ಗಿರಾಕಿಗಳ ಕಣ್ಣಿಗೆ ಒಂದೇ ಆಗಿ ಕಾಣುವುದಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿ ಪುಡಿ ಮಾರುವವರನ್ನೇ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಒಂದು ಕಿಲೋ ಪುಡಿ ಒಯ್ಯುವ ಮನೆಯವರ ದೃಷ್ಟಿಯಲ್ಲಿ ಮುಂದಿರುವ ಅಂಗಡಿ, ದಿನಕ್ಕೆ ಐದು ಕಿಲೋ ಬೇಕಾಗುವ ಹೋಟೆಲಿನವರ ದೃಷ್ಟಿಯಲ್ಲಿ ಹಿಂದಿರಬಹುದು; ಮುಳ್ಳಯ್ಯನಗಿರಿ ನೋಡಿಕೊಂಡು ಇಳಿದು ಬಂದ ಪ್ರವಾಸಿಗೆ ಈ ಎರಡೂ ಲೆಕ್ಕ ಬೇಕಿಲ್ಲ. ಆದ್ದರಿಂದ ಕೇಳಬೇಕಾದದ್ದು ಇಷ್ಟು: ಯಾವ ಬಗೆಯ ಗಿರಾಕಿ ಯಾರನ್ನು ಬಿಟ್ಟು ನಮ್ಮ ಬಳಿ ಬರುತ್ತಾರೆ, ಯಾರಿಗಾಗಿ ನಮ್ಮನ್ನು ಬಿಡುತ್ತಾರೆ, ಮತ್ತು ಅವರು ಬಂದಾಗ ನಮ್ಮ ಕೈಯಲ್ಲಿ ಉಳಿಯುವುದೆಷ್ಟು.

ಈ ಮೂರಕ್ಕೂ ಉತ್ತರ ಹುಡುಕುವ ಕ್ರಮವನ್ನು, ಬೀಜ ಹುರಿದು ಪುಡಿ ಮಾಡಿ ಮಾರುವ ಒಂದು ಅಂಗಡಿಯನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಬೇಕರಿ, ಹೋಂಸ್ಟೇ, ಗೊಬ್ಬರದ ಅಂಗಡಿ ನಡೆಸುವವರಿಗೂ ಕ್ರಮ ಇದೇ; ಅಂಕಿಗಳು ಮಾತ್ರ ಬೇರೆ. ಕೆಳಗೆ ಬರುವ ಬೆಲೆ ಮತ್ತು ಖರ್ಚಿನ ಅಂಕಿಗಳನ್ನು ಲೆಕ್ಕದ ಹಾದಿ ತೋರಿಸುವುದಕ್ಕೆಂದು ಇಟ್ಟುಕೊಂಡಿದ್ದೇನೆಯೇ ಹೊರತು ಅವು ಇಂದಿನ ಪೇಟೆಯ ದರಗಳಲ್ಲ. ಓದುವವರು ತಮ್ಮ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟು ನೋಡಬೇಕು.

ಗಿರಾಕಿಗಳನ್ನು ಬೇರ್ಪಡಿಸುವುದು

ಮಾರಾಟದ ಪುಸ್ತಕವನ್ನು ತೆರೆದು ಹಿಂದಿನ ಹನ್ನೆರಡು ತಿಂಗಳ ವ್ಯಾಪಾರವನ್ನು ಗಿರಾಕಿಯ ಬಗೆಗೆ ತಕ್ಕಂತೆ ವಿಂಗಡಿಸಿ. ಹನ್ನೆರಡು ತಿಂಗಳೇ ಏಕೆಂದರೆ, ನಮ್ಮ ಜಿಲ್ಲೆಯ ವ್ಯಾಪಾರ ಋತುವಿಗೆ ಕಟ್ಟುಬಿದ್ದದ್ದು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೂ ರೋಬಸ್ಟಾ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿ, ಕೆಲವೆಡೆ ಮಾರ್ಚ್‌ವರೆಗೂ ನಡೆಯುವುದರಿಂದ ತೋಟದ ಕಡೆಯ ಜನರ ಕೈಯಲ್ಲಿ ಹಣ ಓಡಾಡುವ ಕಾಲ ಒಂದು. ಬೇಸಿಗೆ ರಜೆ, ವರ್ಷದ ಕೊನೆಯ ರಜೆ ಮತ್ತು ವಾರಾಂತ್ಯಗಳಲ್ಲಿ ಪ್ರವಾಸಿಗಳು ತುಂಬುವ ಕಾಲ ಇನ್ನೊಂದು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಸಂಚಾರ ನಿಂತಾಗ ಪೇಟೆಯ ಮುಖವೇ ಬೇರೆ. ಮೂರು ತಿಂಗಳ ಲೆಕ್ಕ ನೋಡಿ ತೀರ್ಮಾನಿಸಿದವರು ಆ ಮೂರು ತಿಂಗಳ ಹವಾಮಾನವನ್ನು ಅಳೆದಿರುತ್ತಾರೆ, ಅಂಗಡಿಯ ಬಲವನ್ನಲ್ಲ.

ಪುಡಿ ಅಂಗಡಿಯೊಂದರಲ್ಲಿ ಸಾಮಾನ್ಯವಾಗಿ ಐದು ಬಗೆಯ ಗಿರಾಕಿಗಳಿರುತ್ತಾರೆ. ಊರಿನ ಮನೆಗಳವರು, ಹೋಟೆಲ್, ಕ್ಯಾಂಟೀನ್ ಮತ್ತು ಮದುವೆ ಅಡುಗೆ ಕಂಟ್ರಾಕ್ಟಿನವರು, ಪ್ರವಾಸಿಗಳು, ಬೆಂಗಳೂರಿಗೋ ಹೊರರಾಜ್ಯಕ್ಕೋ ಹೋಗಿ ನೆಲೆಸಿ ವಾಟ್ಸ್ಆ್ಯಪ್‌ನಲ್ಲಿ ಹೇಳಿ ಕೊರಿಯರ್‌ನಲ್ಲಿ ತರಿಸಿಕೊಳ್ಳುವವರು, ತಮ್ಮ ತೋಟದ ಬೀಜವನ್ನೇ ತಂದು ಹುರಿದು ಪುಡಿ ಮಾಡಿಸಿಕೊಂಡು ಹೋಗುವ ಬೆಳೆಗಾರರು. ಈ ಐದನೆಯವರು ಪುಡಿಯನ್ನು ಕೊಳ್ಳುವುದಿಲ್ಲವಾದ್ದರಿಂದ ಮಾರಾಟದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದರೆ ಒಳ್ಳೆಯ ಬೀಜ ಯಾರ ತೋಟದಲ್ಲಿದೆ, ಯಾರು ಮಾರುವ ಮನಸ್ಸಿನಲ್ಲಿದ್ದಾರೆ ಎಂಬ ಸುದ್ದಿ ಅಂಗಡಿಗೆ ತಲುಪುವುದು ಅವರ ಮೂಲಕವೇ. ಅವರನ್ನು ಬಿಟ್ಟು ವಿಂಗಡಣೆ ಮಾಡಬಾರದು.

ಹಾಸನದಲ್ಲಿ ಇದೇ ವ್ಯಾಪಾರ ಮಾಡುವವರ ಪಟ್ಟಿ ಸ್ವಲ್ಪ ಬೇರೆಯಾಗುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಹೋಟೆಲುಗಳು ಅಲ್ಲಿ ದೊಡ್ಡ ಗುಂಪಾಗುತ್ತವೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಬರುವ ಜನಸಾಗರ ಒಂದು ಪ್ರತ್ಯೇಕ ಬಗೆಯೇ ಸರಿ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ದಾರಿಯಲ್ಲಿರುವ ಅಂಗಡಿಗಳು ಪ್ರವಾಸಿಯನ್ನು ಇನ್ನಷ್ಟು ಎಚ್ಚರದಿಂದ ಎಣಿಸಬೇಕಾಗಿದೆ.

ಬಿಲ್ ಪುಸ್ತಕದಲ್ಲಿ ಹೆಸರು ಬರೆಯುವ ರೂಢಿ ಇಲ್ಲದಿದ್ದರೆ ಬ್ಯಾಂಕ್ ಖಾತೆಯ ಯುಪಿಐ ವಿವರಪಟ್ಟಿ ನೆರವಿಗೆ ಬರುತ್ತದೆ. ಒಂದೇ ಹೆಸರು ತಿಂಗಳು ತಿಂಗಳೂ ಕಾಣಿಸಿಕೊಂಡರೆ ಅದು ಊರಿನ ಮನೆ. ಒಮ್ಮೆ ಬಂದು ಮತ್ತೆ ಕಾಣದ ಹೆಸರು, ಅದರಲ್ಲೂ ಶನಿವಾರ ಭಾನುವಾರದ್ದು, ಬಹುಪಾಲು ಪ್ರವಾಸಿಯದ್ದು. ಹೀಗೆ ನೋಡುವಾಗ ಇನ್ನೊಂದು ಪಟ್ಟಿಯನ್ನೂ ಮಾಡಿಕೊಳ್ಳಿ: ಆರು ತಿಂಗಳ ಹಿಂದಿನವರೆಗೂ ತಪ್ಪದೆ ಬರುತ್ತಿದ್ದು ಈಗ ನಿಂತುಹೋದವರು ಯಾರು? ಯೋಜನೆಗೆ ಬೇಕಾದ ಅತಿ ಮುಖ್ಯವಾದ ಮಾಹಿತಿ ಇವರ ಬಳಿ ಇರುತ್ತದೆ.

ಎದುರಾಳಿ ಯಾರು

ಪಕ್ಕದ ಬೀದಿಯಲ್ಲಿ ಅದೇ ಯಂತ್ರ ಇಟ್ಟುಕೊಂಡು ಅದೇ ಪುಡಿ ಮಾರುವವರನ್ನಷ್ಟೇ ಎದುರಾಳಿ ಎಂದು ಬರೆದುಕೊಳ್ಳುವುದು ವಾಡಿಕೆ. ಆದರೆ ಗಿರಾಕಿ ಆಯ್ಕೆ ಮಾಡುವುದು ಅಂಗಡಿ ಅಂಗಡಿಗಳ ನಡುವೆ ಮಾತ್ರವಲ್ಲ. ಮನೆಯಲ್ಲಿ ಫಿಲ್ಟರ್ ತೊಳೆಯಲು ಬೇಸರಪಟ್ಟ ಸೊಸೆ ದಿನಸಿ ಅಂಗಡಿಯಿಂದ ಬ್ರೂ ಅಥವಾ ನೆಸ್ಕೆಫೆ ಪೊಟ್ಟಣ ತರಿಸಿದರೆ ನಿಮ್ಮ ಒಂದು ಕಿಲೋ ಅರ್ಧ ಕಿಲೋ ಆಗುತ್ತದೆ, ಮತ್ತು ಆ ಅರ್ಧ ಕಿಲೋ ಯಾವ ಪಕ್ಕದ ಅಂಗಡಿಗೂ ಹೋಗಿರುವುದಿಲ್ಲ. ಹೋಂಸ್ಟೇಯಲ್ಲಿ ತಂಗಿದ ಪ್ರವಾಸಿ ಅಲ್ಲೇ ಕಪಾಟಿನಲ್ಲಿಟ್ಟಿರುವ ಆ ತೋಟದ್ದೇ ಹೆಸರಿನ ಪೊಟ್ಟಣ ಕೊಂಡರೆ ಅವರು ಪೇಟೆಯ ಬೀದಿಗೆ ಇಳಿಯುವುದೇ ಇಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಆನ್‌ಲೈನ್‌ನಲ್ಲಿ, ಹುರಿದ ದಿನಾಂಕ ಮತ್ತು ತೋಟದ ಹೆಸರು ನಮೂದಿಸಿ ಮಾರುವ ಹೊಸ ರೋಸ್ಟರ್‌ಗಳು ಸಿಗುತ್ತಾರೆ.

ಆದ್ದರಿಂದ ಎದುರಾಳಿಗಳ ಪಟ್ಟಿಯನ್ನು ಗಿರಾಕಿಯ ಪ್ರತಿ ಬಗೆಗೂ ಬೇರೆಬೇರೆಯಾಗಿ ಮಾಡಬೇಕು, ಮತ್ತು ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಊಹೆಯಿಂದ ತುಂಬಬಾರದು. ನಿಂತುಹೋದ ಗಿರಾಕಿಗಳಲ್ಲಿ ಹತ್ತು ಹದಿನೈದು ಮಂದಿಯನ್ನು ಭೇಟಿ ಮಾಡಿ ಕೇಳಿ. “ನಮ್ಮ ಪುಡಿ ಹೇಗಿತ್ತು” ಎಂದು ಕೇಳಿದರೆ ನಮ್ಮ ಕಡೆಯ ಜನ ಮುಖ ನೋಡಿ ಕೆಟ್ಟದ್ದು ಹೇಳುವುದಿಲ್ಲ. ಚೆನ್ನಾಗಿತ್ತು ಎಂದು ಹೇಳಿ ಕಾಫಿ ಕುಡಿಸಿ ಕಳಿಸುತ್ತಾರೆ. “ಹೋದ ತಿಂಗಳು ಪುಡಿ ಎಲ್ಲಿಂದ ತಂದಿರಿ, ಎಷ್ಟು ತಂದಿರಿ, ಅಲ್ಲಿಗೆ ಹೋಗಲು ಏನು ಕಾರಣವಾಯಿತು” ಎಂದು ನಡೆದುಹೋದ ಸಂಗತಿಯನ್ನೇ ಕೇಳಬೇಕು. ಹೋಟೆಲಿನ ವಿಷಯದಲ್ಲಿ ಮಾಲೀಕರ ಜೊತೆಗೆ ಕಾಫಿ ಬೆರೆಸುವವರನ್ನೂ ಮಾತನಾಡಿಸಬೇಕು. ಕಿಲೋ ಪುಡಿಗೆ ಡಿಕಾಕ್ಷನ್ ಎಷ್ಟು ಇಳಿಯುತ್ತದೆ ಎಂದು ಬಲ್ಲವರು ಅವರು, ಮತ್ತು ಮುಂದಿನ ಪುಡಿ ಯಾರದ್ದು ಎಂಬುದನ್ನು ಎಷ್ಟೋ ಕಡೆ ಅವರ ಮಾತೇ ನಿರ್ಧರಿಸುತ್ತದೆ.

ಗೂಗಲ್ ನಕ್ಷೆಯಲ್ಲಿ ಜನ ಬರೆದ ಅಭಿಪ್ರಾಯಗಳನ್ನು ಓದುವುದು ಒಳ್ಳೆಯದು, ಆದರೆ ಅವನ್ನು ಬರೆಯುವವರು ಹೆಚ್ಚಾಗಿ ಪ್ರವಾಸಿಗಳೆಂಬುದನ್ನು ನೆನಪಿಟ್ಟುಕೊಳ್ಳಬೇಕು. ನಾಲ್ಕೂವರೆ ನಕ್ಷತ್ರ ಬಂದಿದೆಯೆಂದು ಊರಿನ ಮನೆಗಳವರ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಗುಂಪು ಗುಂಪಿಗೆ ಉಳಿಯುವ ಹಣ

ಈ ಹಂತವನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಹುರಿಯುವಾಗ ಬೀಜದ ತೂಕ ಸಾಮಾನ್ಯವಾಗಿ ಶೇ 15ರಿಂದ 20ರಷ್ಟು ಇಳಿಯುತ್ತದೆ. ಹುರಿಯದ ಬೀಜದ ಮಿಶ್ರಣ ಕಿಲೋಗೆ 500 ರೂಪಾಯಿ ಎಂದೂ ತೂಕ ಶೇ 18 ಇಳಿಯುತ್ತದೆಂದೂ ಇಟ್ಟುಕೊಂಡರೆ, ಹುರಿದ ಬೀಜ ಕಿಲೋಗೆ ಸುಮಾರು 610 ರೂಪಾಯಿಗೆ ಬೀಳುತ್ತದೆ. ಹುರಿದ ಚಿಕೋರಿ ಕಿಲೋಗೆ 150 ರೂಪಾಯಿ ಇರಲಿ.

ಊರಿನ ಮನೆಗಳವರಿಗೆ ಎಂಬತ್ತು–ಇಪ್ಪತ್ತರ ಪುಡಿ, ಅಂದರೆ ಶೇ 80 ಕಾಫಿಗೆ ಶೇ 20 ಚಿಕೋರಿ ಬೆರೆಸಿದ್ದು, ಮಾರುತ್ತೀರಿ. ಕಾಫಿ 488, ಚಿಕೋರಿ 30, ಹುರಿಯುವ ಬೀಸುವ ಪೊಟ್ಟಣದ ಖರ್ಚು 30 ಸೇರಿ 548 ರೂಪಾಯಿ; ಜಿಎಸ್‌ಟಿ ಬಿಟ್ಟು ಮಾರಾಟ ಬೆಲೆ 700 ಆದರೆ ಕಿಲೋಗೆ 152 ಉಳಿಯುತ್ತದೆ. ಹೋಟೆಲಿನವರಿಗೆ ಎಪ್ಪತ್ತು–ಮೂವತ್ತರ ಪುಡಿ, ಹುರಿಯುವ ಬೀಸುವ ತುಂಬುವ ಖರ್ಚು 20 ಎಂದಿಟ್ಟುಕೊಂಡರೆ, 492ಕ್ಕೆ ತಯಾರಾಗಿ 570ಕ್ಕೆ ಹೋಗುತ್ತದೆ. ಅದರಿಂದ ಉಳಿಯುವ 78ರಲ್ಲಿ ತಲುಪಿಸುವ ಖರ್ಚು 8, ನಲವತ್ತೈದು ದಿನ ಸಾಲ ಕೊಟ್ಟದ್ದಕ್ಕೆ ವರ್ಷಕ್ಕೆ ಶೇ 12ರಂತೆ ಬಡ್ಡಿ ಸುಮಾರು 8 ಕಳೆದರೆ ನಿಲ್ಲುವುದು 62. ಪ್ರವಾಸಿಗೆ ಚಿಕೋರಿ ಬೆರೆಸದ ಪುಡಿಯನ್ನು ಕಾಲು ಕಿಲೋ ಪೊಟ್ಟಣಗಳಲ್ಲಿ, ಒಳ್ಳೆಯ ಚೀಲಕ್ಕೆ ಖರ್ಚು ಮಾಡಿ, ಕಿಲೋಗೆ 680ರಂತೆ ತಯಾರಿಸಿ 900ರಂತೆ ಮಾರಿದರೆ 220 ಉಳಿಯುತ್ತದೆ. ಅದೇ ಪೊಟ್ಟಣವನ್ನು ಹೋಂಸ್ಟೇಯಲ್ಲಿಟ್ಟು ಶೇ 15 ಕಮಿಷನ್ ಕೊಟ್ಟರೆ 135 ಹೋಗಿ 85ಕ್ಕೆ ಇಳಿಯುತ್ತದೆ. ಅಂದವಾದ ಚೀಲ, ಮೇಲೆ ಬೆಟ್ಟದ ಚಿತ್ರ, ದೊಡ್ಡ ಬೆಲೆ ಎಲ್ಲ ಇದ್ದೂ ಅದು ಊರಿನ ಮನೆಯವರು ಕೊಡುವ 152ನ್ನು ಮುಟ್ಟುವುದಿಲ್ಲ.

ಈಗ ತಿಂಗಳಿಗೆ ಮನೆಗಳಿಗೆ 300 ಕಿಲೋ, ಹೋಟೆಲುಗಳಿಗೆ 500 ಕಿಲೋ, ಗಲ್ಲಾದಲ್ಲೇ ಪ್ರವಾಸಿಗಳಿಗೆ 60 ಕಿಲೋ ಮಾರುವ ಅಂಗಡಿಯನ್ನು ನೋಡಿ. ಒಟ್ಟು ಮಾರಾಟ 5,49,000 ರೂಪಾಯಿಯಲ್ಲಿ ಹೋಟೆಲುಗಳದ್ದು 2,85,000, ಅಂದರೆ ಅರ್ಧಕ್ಕಿಂತ ಹೆಚ್ಚು. ಉಳಿಯುವ 89,800 ರೂಪಾಯಿಯಲ್ಲಿ ಹೋಟೆಲುಗಳಿಂದ ಬಂದದ್ದು 31,000, ಮನೆಗಳಿಂದ 45,600, ಪ್ರವಾಸಿಗಳಿಂದ 13,200. ಅಂಗಡಿಯವರಿಗೆ ತಾವು ಹೋಟೆಲ್ ವ್ಯಾಪಾರದಲ್ಲಿ ಬಲಶಾಲಿಗಳೆಂದು ಅನ್ನಿಸುತ್ತಿರುತ್ತದೆ. ಅಂಗಡಿಯ ಬಾಡಿಗೆ, ಸಂಬಳ, ಸಾಲದ ಕಂತು ಕಟ್ಟುತ್ತಿರುವವರು ಮನೆಗಳವರು. ಹೋಟೆಲುಗಳಲ್ಲಿ ಒಂದೇ ಒಂದು 200 ಕಿಲೋ ಕೊಳ್ಳುತ್ತಿದ್ದು ಅದು ಕೈಬಿಟ್ಟರೆ ತಿಂಗಳಿಗೆ 12,400 ರೂಪಾಯಿ, ಒಟ್ಟು ಉಳಿಕೆಯ ಏಳನೇ ಒಂದು ಪಾಲು, ಒಮ್ಮೆಗೇ ಹೋಗುತ್ತದೆ. ಇಂಥ ಹಿಡಿತ ಗಿರಾಕಿಯ ಕೈಯಲ್ಲಿರುವುದನ್ನೂ ಸ್ಥಿತಿಯ ಅಳತೆಯಲ್ಲಿ ಸೇರಿಸಿಕೊಳ್ಳಬೇಕು.

ಸ್ವಂತ ತೋಟವಿರುವವರು ಇಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ತೋಟದ ಬೀಜವನ್ನು ಅಂಗಡಿಯ ಲೆಕ್ಕಕ್ಕೆ ಬೆಳೆದ ಖರ್ಚಿನಲ್ಲಿ ಹಾಕಿಕೊಳ್ಳುವ ಅಭ್ಯಾಸ ಮಲೆನಾಡಿನಲ್ಲಿ ವ್ಯಾಪಕವಾಗಿದೆ. ಪೇಟೆಯಲ್ಲಿ 500 ಇರುವ ಬೀಜವನ್ನು 300 ಎಂದು ಬರೆದರೆ ಮೇಲಿನ ಎಂಬತ್ತು–ಇಪ್ಪತ್ತರ ಪುಡಿಯಲ್ಲಿ ಕಿಲೋಗೆ ಸುಮಾರು 195 ರೂಪಾಯಿ ಹೆಚ್ಚು ಲಾಭ ಕಾಣಿಸುತ್ತದೆ. ಆ ಹಣವನ್ನು ಗಳಿಸಿದ್ದು ತೋಟ, ಅಂಗಡಿಯಲ್ಲ. ಬೀಜವನ್ನು ಹಾಗೆಯೇ ಮಾರಿದ್ದರೂ ಅದು ಬರುತ್ತಿತ್ತು. ಅಂಗಡಿಯನ್ನು ಪೈಪೋಟಿಯಲ್ಲಿಟ್ಟು ನೋಡುವಾಗ ಬೀಜವನ್ನು ಆ ದಿನದ ಪೇಟೆಯ ದರಕ್ಕೆ ತೋಟದಿಂದ ಕೊಂಡಂತೆ ಬರೆಯಬೇಕು. ಹಾಗೆ ಬರೆದ ಮೇಲೂ ಹಣ ಉಳಿದರೆ ಅಂಗಡಿಗೆ ತನ್ನದೇ ಬಲವಿದೆ ಎಂದರ್ಥ. ಇಲ್ಲವಾದರೆ ತೋಟವು ಅಂಗಡಿಯನ್ನು ಸಾಕುತ್ತಿದೆ.

ಬೆಲೆ ಇಳಿಸಿ ಗಿರಾಕಿಯನ್ನು ಸೆಳೆಯುವ ಯೋಚನೆ ಬಂದಾಗಲೂ ಇದೇ ಕೋಷ್ಟಕ ನೆರವಾಗುತ್ತದೆ. 700ರ ಪುಡಿಯನ್ನು ಶೇ 10 ಇಳಿಸಿ 630ಕ್ಕೆ ಮಾರಿದರೆ ಉಳಿಕೆ 152ರಿಂದ 82ಕ್ಕೆ ಬರುತ್ತದೆ. ಮೊದಲಿನಷ್ಟೇ ಹಣ ಉಳಿಯಬೇಕಾದರೆ ಶೇ 85ರಷ್ಟು ಹೆಚ್ಚು ಪುಡಿ ಮಾರಬೇಕು. ಊರಿನ ಮನೆಗಳು ಅಷ್ಟು ಕಾಫಿ ಹೆಚ್ಚಿಗೆ ಕುಡಿಯುವುದಿಲ್ಲ. ಅಂದರೆ ಅಷ್ಟೂ ಪಕ್ಕದವರಿಂದ ಕಿತ್ತುಕೊಂಡೇ ಬರಬೇಕು, ಮತ್ತು ಅವರೂ ಮರುದಿನವೇ ಬೋರ್ಡಿನಲ್ಲಿ ದರ ತಿದ್ದುತ್ತಾರೆ. (ಇಂಥ ಜಗಳ ಬೇಡವೆಂದು ವ್ಯಾಪಾರಿಗಳು ಕೂಡಿ ಕುಳಿತು ಎಲ್ಲರೂ ಇಷ್ಟಕ್ಕೇ ಮಾರೋಣವೆಂದು ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಸಲ್ಲದು.)

ಅಕ್ಕಪಕ್ಕದವರನ್ನು ಅಳೆಯುವುದು

ಎದುರಾಳಿಯ ಪುಡಿಯನ್ನು ಹಣ ಕೊಟ್ಟು, ಎಲ್ಲರೆದುರೇ ಕೊಂಡು ತನ್ನಿ, ಅದರಲ್ಲಿ ನಾಚಿಕೆಯೇನಿಲ್ಲ. ಪೊಟ್ಟಣದ ಮೇಲಿನ ಬರಹವೇ ಬೇಕಾದಷ್ಟು ಹೇಳುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರಬಾರದೆಂದೂ ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ತಿಳಿಸಬೇಕೆಂದೂ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು ಮತ್ತು ವರ್ಷವನ್ನು ಪೊಟ್ಟಣಗಟ್ಟಿದ ಸರಕಿನ ಮೇಲೆ ನಮೂದಿಸುವುದು ಕಡ್ಡಾಯ. ಈ ವಿವರಗಳಿಂದ, ಅವರ ಪುಡಿ ಅಗ್ಗವಾಗಿ ಕಾಣುವುದು ಕೊಳ್ಳುವ ಜಾಣ್ಮೆಯಿಂದಲೋ ಚಿಕೋರಿಯ ಪಾಲಿನಿಂದಲೋ ಎಂದು ಲೆಕ್ಕ ಹಾಕಬಹುದು. ನೀವೂ ಅದೇ ನಿಯಮಕ್ಕೆ ಒಳಪಟ್ಟವರು ಎಂಬುದನ್ನು ಈ ನೆಪದಲ್ಲಿ ನಿಮ್ಮ ಪೊಟ್ಟಣ ತಿರುಗಿಸಿ ನೋಡಿ ಖಚಿತಪಡಿಸಿಕೊಳ್ಳಿ.

“ನಮ್ಮ ಪುಡಿಯ ರುಚಿಯೇ ಬೇರೆ” ಎಂಬ ಮಾತನ್ನು ಪರೀಕ್ಷೆಗೆ ಒಡ್ಡದೆ ಯೋಜನೆಯಲ್ಲಿ ಬರೆಯಬಾರದು. ಪರೀಕ್ಷೆ ಸುಲಭ. ಒಂದೇ ಫಿಲ್ಟರ್ ಅಳತೆ, ಒಂದೇ ಹಾಲು, ಒಂದೇ ಬಿಸಿಯಲ್ಲಿ ನಿಮ್ಮ ಮತ್ತು ಎದುರಾಳಿಯ ಪುಡಿಯಿಂದ ಕಾಫಿ ಮಾಡಿ ಪ್ರತಿಯೊಬ್ಬರ ಮುಂದೆ ಮೂರು ಲೋಟ ಇಡಿ: ಎರಡರಲ್ಲಿ ಒಂದು ಪುಡಿಯದು, ಮೂರನೆಯದರಲ್ಲಿ ಇನ್ನೊಂದರದು. ಬೇರೆಯಾದ ಲೋಟ ಯಾವುದೆಂದು ಗುರುತಿಸಲು ಕೇಳಿ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ. ಆದ್ದರಿಂದ ಹನ್ನೆರಡು ಜನರಲ್ಲಿ ಕನಿಷ್ಠ ಎಂಟು ಮಂದಿ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎನ್ನಬಹುದು. ಮನೆಯವರನ್ನು, ಅಂಗಡಿಯ ನೌಕರರನ್ನು ಕೂರಿಸದೆ ಪುಡಿ ಕೊಳ್ಳುವವರನ್ನೇ ಕೂರಿಸಿ. ಅವರಿಗೆ ವ್ಯತ್ಯಾಸ ತಿಳಿಯದಿದ್ದರೆ ಅವರನ್ನು ನಿಮ್ಮ ಬಳಿ ಹಿಡಿದಿಟ್ಟಿರುವುದು ರುಚಿಯಲ್ಲ, ಇನ್ನೇನೋ: ದಾರಿಯಲ್ಲಿರುವ ಅನುಕೂಲ, ಕಣ್ಣೆದುರೇ ಬೀಸಿಕೊಡುವ ನಂಬಿಕೆ, ತಂದೆಯ ಕಾಲದ ಪರಿಚಯ. ಅವೂ ಬಲಗಳೇ, ಆದರೆ ಅವನ್ನು ಕಾಪಾಡುವ ಬಗೆ ಬೇರೆ.

ಹೋಟೆಲಿಗೆ ಅಳತೆಗೋಲು ಕಿಲೋ ದರವಲ್ಲ, ಲೋಟದ ದರ. 570ರ ಕಿಲೋದಲ್ಲಿ ನೂರು ಲೋಟ ಆದರೆ ಲೋಟಕ್ಕೆ 5.70, ಎದುರಾಳಿಯ 600ರ ಪುಡಿಯಲ್ಲಿ ನೂರಹತ್ತು ಲೋಟ ಆದರೆ ಲೋಟಕ್ಕೆ 5.45. ಮೂವತ್ತು ರೂಪಾಯಿ ದುಬಾರಿಯಾದ ಪುಡಿ ಅಲ್ಲಿ ಅಗ್ಗವಾಗಿ ನಿಲ್ಲುತ್ತದೆ.

ಎದುರಾಳಿಯ ವ್ಯಾಪಾರದ ಗಾತ್ರವನ್ನು ಅಂದಾಜಿಸಲು ಅವರ ಅಂಗಡಿಗೆ ಬರುವವರನ್ನು ಕೆಲಸದ ದಿನವೊಂದರಲ್ಲಿ ಮತ್ತು ಶನಿವಾರದಲ್ಲಿ, ಬೆಳಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಎಣಿಸಿದರೆ ಸಾಕು. ಅದಕ್ಕಿಂತ ನಿಖರತೆ ಯೋಜನೆಗೆ ಬೇಕಿಲ್ಲ.

ಇರುವ ಅನುಕೂಲ ಯಾರದ್ದು, ಎಷ್ಟು ದಿನದ್ದು

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿ ಕೆಲವು ಅನುಕೂಲಗಳ ಪಟ್ಟಿ ಇರುತ್ತದೆ. ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆ ಎಳೆದು ತುಂಬುವ ಪದ್ಧತಿಯನ್ನು ತರಬೇತಿ ಶಿಬಿರಗಳಲ್ಲಿ ಕಲಿಸುತ್ತಾರೆ. ಅದರಲ್ಲಿ ದೋಷವಿಲ್ಲವಾದರೂ ಸಾಮರ್ಥ್ಯದ ಮನೆ ಬಹಳ ಬೇಗ ಹೊಗಳಿಕೆಯ ಮಾತುಗಳಿಂದ ತುಂಬಿಹೋಗುತ್ತದೆ. ಅದರ ಬದಲು ಪ್ರತಿಯೊಂದು ಅನುಕೂಲದ ಮುಂದೆ ಮೂರು ಸಂಗತಿ ಬರೆಯಿರಿ. ಗಿರಾಕಿ ಅದನ್ನು ಗಮನಿಸಿ ಅದಕ್ಕಾಗಿ ಹಣ ಕೊಡುತ್ತಾರೆಯೇ? ಪಕ್ಕದವರಿಗೆ ಒಂದು ವರ್ಷದೊಳಗೆ ಅದನ್ನು ಮಾಡಲಾಗುವುದೇ? ಅದರ ಒಡೆತನ ನಿಮ್ಮದೋ ಬೇರೆಯವರದ್ದೋ?

ಬಸ್ ನಿಲ್ದಾಣದ ಹತ್ತಿರವಿರುವ ಮಳಿಗೆ ಬಾಡಿಗೆಯದ್ದಾದರೆ ಆ ಅನುಕೂಲ ಕಟ್ಟಡದ ಮಾಲೀಕರದ್ದು; ಕರಾರು ಮುಗಿದ ದಿನ ಅವರು ಅದರ ಬೆಲೆಯನ್ನು ನಿಮ್ಮಿಂದ ವಸೂಲು ಮಾಡುತ್ತಾರೆ. ಹದವರಿತು ಹುರಿಯುವ ಕೆಲಸಗಾರರೊಬ್ಬರ ಕೈಚಳಕದ ಮೇಲೆ ಪುಡಿಯ ಹೆಸರು ನಿಂತಿದ್ದರೆ, ಹದದ ಸಮಯ, ಶಾಖ, ಬಣ್ಣವನ್ನು ಪುಸ್ತಕದಲ್ಲಿ ದಾಖಲಿಸಿಕೊಳ್ಳದ ಹೊರತು ಅದು ಅಂಗಡಿಯ ಆಸ್ತಿಯಲ್ಲ. ಊರಿನ ಹೆಸರನ್ನೂ ಹೀಗೆಯೇ ನೋಡಬೇಕು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ, ಅಂದರೆ ಊರಿನ ಹೆಸರನ್ನು ಅಲ್ಲಿನ ಬೆಳೆಗೇ ಮೀಸಲಿಡುವ ಜಿಐ ಗುರುತಿನ, ಮಾನ್ಯತೆ ದೊರೆಯಿತು. ಪ್ರವಾಸಿಯ ಎದುರು ಅದಕ್ಕೆ ತೂಕವಿದೆ. ಆದರೆ ಆ ಗುರುತನ್ನು ಪೊಟ್ಟಣದ ಮೇಲೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು; ಹೆಸರೇ ಹೇಳುವಂತೆ ಅದು ಅರೇಬಿಕಾಕ್ಕೆ ಮಾತ್ರ ಸಲ್ಲುವುದರಿಂದ ರೋಬಸ್ಟಾ ಬೆರೆತ ಪುಡಿಗೆ ಹಚ್ಚುವಂತಿಲ್ಲ; ಮತ್ತು ನೋಂದಾಯಿಸಿಕೊಂಡ ನೆರೆಯವರಿಗೂ ಅದು ಅಷ್ಟೇ ಸಲ್ಲುತ್ತದೆ. ಹೊರಗಿನ ಊರಿನ ಪುಡಿಯ ಎದುರು ಅದು ಬಲ, ಪಕ್ಕದ ಅಂಗಡಿಯ ಎದುರು ಏನೂ ಅಲ್ಲ.

ಇದಕ್ಕೆ ಪ್ರತಿಯಾಗಿ, ಹತ್ತು ಹದಿನೈದು ಬೆಳೆಗಾರರು ಕೊಯ್ಲಿನ ಕಾಲದಲ್ಲಿ ಮೊದಲು ನಿಮಗೇ ಫೋನ್ ಮಾಡುತ್ತಾರೆ ಎಂಬುದು ಯಾರೂ ಒಂದು ವರ್ಷದಲ್ಲಿ ಕಟ್ಟಲಾಗದ ಅನುಕೂಲ. ಸರಿಯಾದ ತೂಕ, ಹೇಳಿದ ದಿನ ಹಣ, ಔಟ್‌ಟರ್ನ್‌ನಲ್ಲಿ (ಒಣಗಿಸಿದ ಕಾಫಿಯಿಂದ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣದಲ್ಲಿ) ತಕರಾರಿಲ್ಲದ ವ್ಯವಹಾರದಿಂದ ಹಲವು ಕೊಯ್ಲುಗಳಲ್ಲಿ ಬೆಳೆದ ನಂಬಿಕೆ ಅದು. ಅದನ್ನು ಪಟ್ಟಿಯಲ್ಲಿ ಮೊದಲು ಬರೆಯುವವರನ್ನು ನಾನು ಹೆಚ್ಚು ಕಂಡಿಲ್ಲ.

ಹೊರಗಿನ ಒತ್ತಡಗಳು

ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ಮುಂದಿಟ್ಟ ಐದು ಒತ್ತಡಗಳ ಚೌಕಟ್ಟು, ಅಂದರೆ ಇರುವ ಎದುರಾಳಿಗಳು, ಹೊಸದಾಗಿ ಬರುವವರು, ಬದಲಿ ವಸ್ತುಗಳು, ಕೊಳ್ಳುವವರು ಮತ್ತು ಸರಕು ಒದಗಿಸುವವರು, ದೊಡ್ಡ ಉದ್ಯಮಗಳಿಗೆಂದು ಹುಟ್ಟಿದ್ದರೂ ನಮ್ಮ ಅಂಗಡಿಗೂ ಹೊಂದುತ್ತದೆ. ಬದಲಿ ವಸ್ತು ಮತ್ತು ಕೊಳ್ಳುವವರ ವಿಷಯ ಆಗಲೇ ಬಂದಿದೆ. ಹೊಸಬರ ಬಗ್ಗೆ ಹೇಳಬೇಕಾದದ್ದು ಸ್ವಲ್ಪ: 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಂಥವು ಯಂತ್ರದ ವೆಚ್ಚಕ್ಕೆ ಶೇ 35ರಷ್ಟು, ಹತ್ತು ಲಕ್ಷ ರೂಪಾಯಿ ಮಿತಿಯಲ್ಲಿ, ಸಾಲಕ್ಕೆ ಹೊಂದಿಸಿದ ಸಹಾಯಧನ ಕೊಟ್ಟದ್ದರಿಂದ ಹುರಿಯುವ ಯಂತ್ರ ಕೊಳ್ಳುವುದು ಈಗ ದೊಡ್ಡ ಅಡ್ಡಿಯಲ್ಲ. ಅಡ್ಡಿ ಇರುವುದು ಗಿರಾಕಿಯನ್ನು ಸಂಪಾದಿಸುವುದರಲ್ಲಿ.

ಬೀಜದ ಬೆಲೆಯ ಬಗ್ಗೆ ಹೆಚ್ಚು ಯೋಚಿಸಬೇಕು. ಮೊದಲು ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಕಟ್ಟುಪಾಡು ಸಡಿಲಗೊಂಡು 1996ರ ಹೊತ್ತಿಗೆ ಪೂರ್ಣ ತೆರವಾಯಿತು. ಅಂದಿನಿಂದ ಇಲ್ಲಿನ ದರ ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯನ್ನೂ ರೋಬಸ್ಟಾಕ್ಕೆ ಲಂಡನ್ ಪೇಟೆಯನ್ನೂ, ಜೊತೆಗೆ ಡಾಲರ್ ದರವನ್ನೂ ಹಿಂಬಾಲಿಸುತ್ತದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆದಾಗ ಎಂ.ಜಿ. ರಸ್ತೆಯ ಪ್ರತಿ ಅಂಗಡಿಯವರೂ ದರದ ಬೋರ್ಡನ್ನು ತಿದ್ದಬೇಕಾಯಿತು. ನಮ್ಮ ಉದಾಹರಣೆಯಲ್ಲಿ ಹುರಿಯದ ಬೀಜ ಶೇ 10 ಏರಿದರೆ ಎಂಬತ್ತು–ಇಪ್ಪತ್ತರ ಪುಡಿಗೆ ಕಿಲೋಗೆ ಸುಮಾರು 49 ರೂಪಾಯಿ ಖರ್ಚು ಹೆಚ್ಚುತ್ತದೆ, ಅಂದರೆ ಉಳಿಕೆಯ ಮೂರನೇ ಒಂದು ಭಾಗ. ಬೆಲೆ ಎಲ್ಲರಿಗೂ ಏರುತ್ತದೆ. ಆದರೆ ಕೊಯ್ಲಿನ ಕಾಲದಲ್ಲಿ ಕೊಂಡು ಇಡಲು ಬಂಡವಾಳ ಇದ್ದವರಿಗೆ ಆ ಏರಿಕೆ ತಡವಾಗಿ ತಟ್ಟುತ್ತದೆ, ವಾರ ವಾರ ಕೊಳ್ಳುವವರಿಗೆ ಮರುದಿನವೇ ತಟ್ಟುತ್ತದೆ. ದರ ಇಳಿಯುವಾಗ ಇದೇ ಮಾತು ತಿರುಗುಮುರುಗಾಗುತ್ತದೆ. ಎದುರಾಳಿಯೊಂದಿಗೆ ಹೋಲಿಸುವಾಗ ಅವರ ಗೋದಾಮಿನಲ್ಲಿ ಎಷ್ಟು ತಿಂಗಳ ಬೀಜ ಇರಬಹುದೆಂಬ ಅಂದಾಜು ಅವರ ಬೋರ್ಡಿನ ದರಕ್ಕಿಂತ ಮುಖ್ಯ.

ತೆರಿಗೆಯ ಆಯ್ಕೆಯೂ ಸ್ಥಾನವನ್ನು ನಿರ್ಧರಿಸುತ್ತದೆ ಎಂಬುದನ್ನು ಮರೆಯಬಾರದು. ಮೇಲಿನ ಅಂಗಡಿಯ ವಾರ್ಷಿಕ ವಹಿವಾಟು ಅರವತ್ತಾರು ಲಕ್ಷದ ಹತ್ತಿರ ಇರುವುದರಿಂದ ಸರಕು ಮಾರುವವರಿಗೆ ಕರ್ನಾಟಕದಲ್ಲಿರುವ ನಲವತ್ತು ಲಕ್ಷದ ಮಿತಿಯನ್ನು ಮೀರಿ ಅದು ಜಿಎಸ್‌ಟಿ ವ್ಯಾಪ್ತಿಗೆ ಬಂದಿದೆ. ಒಂದೂವರೆ ಕೋಟಿವರೆಗಿನವರಿಗೆ ಇರುವ, ವಹಿವಾಟಿನ ಮೇಲೆ ಸಣ್ಣ ಪ್ರಮಾಣದ ತೆರಿಗೆ ಕಟ್ಟಿ ಮುಗಿಸುವ ಕಾಂಪೋಸಿಷನ್ ಯೋಜನೆ ಹಗುರವೇನೋ ಹೌದು, ಆದರೆ ಅದರಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಚೆನ್ನೈ, ಪುಣೆಗಳಲ್ಲಿರುವ ಊರಿನವರಿಗೆ ಕೊರಿಯರ್ ಮಾಡುವ ವ್ಯಾಪಾರವನ್ನು ಬೆಳೆಸಬೇಕೆಂದು ಯೋಜನೆಯಲ್ಲಿ ಬರೆಯುವ ಮುನ್ನ ಲೆಕ್ಕಪರಿಶೋಧಕರ ಜೊತೆ ಕುಳಿತು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಅಳತೆಯಿಂದ ಯೋಜನೆಗೆ

ಸಂಗ್ರಹಿಸಿದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಎರಡನೆಯ ಹಾಳೆ ಬೇಕಾದರೆ ವಿಷಯ ಇನ್ನೂ ಸ್ಪಷ್ಟವಾಗಿಲ್ಲವೆಂದೇ ತಿಳಿಯಬೇಕು. ಗಿರಾಕಿಯ ಪ್ರತಿ ಬಗೆಗೆ ಒಂದು ಸಾಲು. ಅದರಲ್ಲಿ ಅವರಿಂದ ತಿಂಗಳಿಗೆ ಉಳಿಯುವ ಹಣ, ಅವರ ಮುಂದಿರುವ ಮುಖ್ಯ ಬದಲಿ ಆಯ್ಕೆ, ನಾವು ಅದಕ್ಕಿಂತ ಮುಂದಿರುವ ಅಥವಾ ಹಿಂದಿರುವ ಕಾರಣ, ಆ ಕಾರಣ ಎಷ್ಟು ಕಾಲ ನಿಲ್ಲುತ್ತದೆ ಎಂಬ ಅಂದಾಜು. ಗುಣಗಳಿಗೆ ಐದರಲ್ಲಿ ಇಷ್ಟು ಅಂಕ ಎಂದು ಕೊಟ್ಟು ಕೂಡಿಸುವ ಕೋಷ್ಟಕಗಳನ್ನು ನಾನು ನಂಬುವುದಿಲ್ಲ. ಕೂಡಿಸಿದಾಗ ಬರುವ 3.8 ಎಂಬ ಅಂಕಿ ಖಚಿತವಾಗಿ ಕಾಣುತ್ತದೆ, ಆದರೆ ಯಾವ ಗಿರಾಕಿಯೂ ಅಂಥ ಸರಾಸರಿಯನ್ನು ನೋಡಿ ಪುಡಿ ಕೊಳ್ಳುವುದಿಲ್ಲ.

ನಂತರ ಪ್ರತಿ ಸಾಲಿನ ಕೊನೆಯಲ್ಲಿ ಒಂದೇ ತೀರ್ಮಾನ ಬರೆಯಿರಿ: ಕಾಪಾಡುವುದು, ಬೆಳೆಸುವುದು, ಇದ್ದಂತೆ ಬಿಡುವುದು ಅಥವಾ ಕೈಬಿಡುವುದು. ನಮ್ಮ ಉದಾಹರಣೆಯ ಅಂಗಡಿಯಲ್ಲಾದರೆ ಊರಿನ ಮನೆಗಳ ಸಾಲಿನ ಮುಂದೆ ಕಾಪಾಡುವುದು ಎಂದು ಬರುತ್ತದೆ. ಅದಕ್ಕೆ ತಕ್ಕ ಕೆಲಸವೆಂದರೆ ನಿಂತುಹೋದವರನ್ನು ತಿಂಗಳಿಗೊಮ್ಮೆ ಗುರುತಿಸಿ ವಿಚಾರಿಸುವುದು, ಫೋನ್ ಮಾಡಿದರೆ ಮನೆಗೆ ತಲುಪಿಸುವುದು. ಹೋಟೆಲಿನ ಸಾಲಿನಲ್ಲಿ, ನಲವತ್ತೈದು ದಿನ ದಾಟಿಸುವವರಿಗೆ ಸಾಲ ನಿಲ್ಲಿಸಿ, ಉಳಿದವರಿಗೆ ಲೋಟದ ಲೆಕ್ಕ ತೋರಿಸಿ ದರ ಸರಿಪಡಿಸುವುದು. ಯಾವ ಒಂದು ಹೋಟೆಲಿನಿಂದಲೂ ಒಟ್ಟು ಉಳಿಕೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬರದಂತೆ ಹಂಚಿಕೊಳ್ಳುವುದು. ಪ್ರವಾಸಿಯ ಸಾಲಿನಲ್ಲಿ, ಗಲ್ಲಾದ ಮಾರಾಟವನ್ನು ಬೆಳೆಸಿ, ಹೋಂಸ್ಟೇಗಳಿಗೆ ಕೊಡುವುದನ್ನು ಒಂದು ಋತುವಿನ ಮಟ್ಟಿಗೆ ಪರೀಕ್ಷಿಸುವುದು: ಅಲ್ಲಿ ಕೊಂಡವರು ಮನೆಗೆ ಹೋದ ಮೇಲೆ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಾರಾದರೆ 85 ರೂಪಾಯಿಯ ಉಳಿಕೆಯೂ ಸಾಲುತ್ತದೆ, ಇಲ್ಲವಾದರೆ ಸಾಲದು. ಬೀಜ ತಂದು ಹುರಿಸಿಕೊಂಡು ಹೋಗುವ ಬೆಳೆಗಾರರಿಗೆ, ಕೂಲಿ ಹೆಚ್ಚು ಸಿಗದಿದ್ದರೂ, ಯಂತ್ರದ ಸಮಯವನ್ನು ಮೀಸಲಿಡುವುದು.

ಪ್ರತಿ ತೀರ್ಮಾನದ ಪಕ್ಕದಲ್ಲಿ ಅದನ್ನು ಬದಲಿಸಬೇಕಾಗುವ ಸ್ಥಿತಿಯನ್ನೂ ಈಗಲೇ ಬರೆದಿಡಬೇಕು: ಬೀಜದ ದರ ಇಷ್ಟು ದಾಟಿದರೆ, ಮಳಿಗೆಯ ಕರಾರು ಇಷ್ಟು ಬಾಡಿಗೆಗೆ ಮುಂದುವರಿಯದಿದ್ದರೆ, ತಿಂಗಳಿಗೆ ನಿಂತುಹೋಗುವ ಮನೆಗಳ ಸಂಖ್ಯೆ ಇಷ್ಟಾದರೆ. ಹಾಳೆಯನ್ನು ವರ್ಷಕ್ಕೆ ಎರಡು ಬಾರಿ ತಿದ್ದಿದರೆ ಸಾಕು. ಒಮ್ಮೆ ಫೆಬ್ರವರಿ ಕೊನೆಯಲ್ಲಿ, ಕೊಯ್ಲಿನ ಗಾತ್ರವೂ ಬೀಜದ ದರವೂ ತಕ್ಕಮಟ್ಟಿಗೆ ತಿಳಿದು ವರ್ಷದ ದಾಸ್ತಾನು ಕೊಳ್ಳುವ ಹೊತ್ತಿಗೆ. ಇನ್ನೊಮ್ಮೆ ಜೂನ್ ಮೊದಲ ವಾರ, ಬೇಸಿಗೆಯ ಪ್ರವಾಸಿಗಳ ಲೆಕ್ಕ ಮುಗಿದು ಮಳೆ ಹಿಡಿದಾಗ, ಅಂಗಡಿಯಲ್ಲಿ ಕುಳಿತು ಪುಸ್ತಕ ನೋಡಲು ಬಿಡುವಿರುವ ಕಾಲದಲ್ಲಿ.